ಶಸ್ತ್ರಚಿಕಿತ್ಸೆಯ ಗುಟ್ಟು: ಹೇಳುವುದೋ, ಬಿಡುವುದೋ?



ರೋಗಿಯ ಗುಟ್ಟನ್ನು ವೈದ್ಯನು ಬಯಲು ಮಾಡಬಾರದೆಂಬ ನಿಯಮ ಬಹಳ ಹಳೆಯದು. ಪ್ರಾಚೀನ ಗ್ರೀಸಿನ ಹಿಪ್ಪೊಕ್ರಟೀಸನ ಹೆಸರಿನಲ್ಲಿ ಬಳಕೆಗೆ ಬಂದಿರುವ ಪ್ರತಿಜ್ಞೆಯಲ್ಲೇ ಅದು ಇದೆ. ಆದರೆ ಆ ಕಟ್ಟುಪಾಡು ವೈದ್ಯನಿಗೆ ಮಾತ್ರ. ರೋಗಿಯು ತನ್ನ ಶಸ್ತ್ರಚಿಕಿತ್ಸೆಯ ವಿಷಯವನ್ನು ತಾನೇ ನಾಲ್ಕು ಜನರಿಗೆ ಹೇಳಬೇಕೆ, ಬೇಡವೆ? ಇದಕ್ಕೆ ಆ ಪ್ರತಿಜ್ಞೆಯಲ್ಲಿ ಉತ್ತರವಿಲ್ಲ. ತೂಕ ಇಳಿಸಲು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಎಷ್ಟೋ ಜನರನ್ನು ಇಂದು ಈ ಪ್ರಶ್ನೆ ಕಾಡುತ್ತಿದೆ. ಈ ಪ್ರಶ್ನೆಗೂ ಒಂದು ಇತಿಹಾಸವಿದೆ. ಅಮೆರಿಕದಲ್ಲಿ ನಡೆದ ನಾಲ್ಕು ಪ್ರಸಂಗಗಳ ಮೂಲಕ ಅದನ್ನು ಪರಿಶೀಲಿಸೋಣ.

ನೌಕೆಯ ಮೇಲಿನ ಗುಟ್ಟು

1893ರಲ್ಲಿ ಅಮೆರಿಕವು ಭಾರಿ ಆರ್ಥಿಕ ಬಿಕ್ಕಟ್ಟಿಗೆ ಸಿಲುಕಿತ್ತು. ಬ್ಯಾಂಕುಗಳು ಮುಚ್ಚುತ್ತಿದ್ದವು, ರೈಲ್ವೆ ಕಂಪನಿಗಳು ದಿವಾಳಿಯಾಗುತ್ತಿದ್ದವು. ಸರಕಾರವು ಬೆಳ್ಳಿಯನ್ನು ಕೊಳ್ಳಬೇಕೆಂದು ವಿಧಿಸಿದ್ದ 1890ರ ಕಾನೂನನ್ನು ರದ್ದುಪಡಿಸಬೇಕೆಂಬುದು ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡರ ಹಟ. ಉಪಾಧ್ಯಕ್ಷ ಅಡ್ಲಾಯ್ ಸ್ಟೀವನ್‌ಸನ್ನರ ಒಲವು ಬೆಳ್ಳಿಯ ಕಡೆಗಿತ್ತು. ಇಂಥ ಹೊತ್ತಿನಲ್ಲಿ ಅಧ್ಯಕ್ಷರ ಅಂಗುಳಿನಲ್ಲಿ ಗಡ್ಡೆಯೊಂದು ಕಾಣಿಸಿತು. ಕ್ಯಾನ್ಸರ್ ಎಂಬ ಸುದ್ದಿ ಹೊರಬಿದ್ದರೆ ಮಾರುಕಟ್ಟೆ ಇನ್ನಷ್ಟು ಕುಸಿಯುವ ಭಯ.

ಆ ವರ್ಷ ಜುಲೈ 1ರಂದು ಸ್ನೇಹಿತರೊಬ್ಬರ 'ಒನೈಡಾ' ಎಂಬ ವಿಹಾರ ನೌಕೆಯಲ್ಲಿ, ನ್ಯೂಯಾರ್ಕಿನ ಬಳಿಯ ನೀರಿನ ಮೇಲೆ, ಶಸ್ತ್ರಚಿಕಿತ್ಸೆ ನಡೆಯಿತು. ಕ್ಲೀವ್‌ಲ್ಯಾಂಡರಿಗೆ ಆಗ 56 ವರ್ಷ. ಭಾರಿ ಗಾತ್ರದ ಶರೀರ. ಅರಿವಳಿಕೆಯನ್ನು ಆ ದೇಹ ತಡೆದುಕೊಂಡೀತೇ ಎಂಬುದೇ ವೈದ್ಯರ ಮುಖ್ಯ ಆತಂಕವಾಗಿತ್ತು. ಡಾ. ಜೋಸೆಫ್ ಬ್ರಯಂಟ್, ಡಾ. ಡಬ್ಲ್ಯು. ಡಬ್ಲ್ಯು. ಕೀನ್ ಮತ್ತು ಸಂಗಡಿಗರು ಎಡ ಮೇಲ್ದವಡೆಯ ಬಹುಭಾಗವನ್ನು ಬಾಯಿಯ ಮೂಲಕವೇ ತೆಗೆದರು. ಮುಖದ ಮೇಲೆ ಗಾಯವಿಲ್ಲ, ಮೀಸೆಯೂ ಹಾಗೆಯೇ ಉಳಿಯಿತು. ರಬ್ಬರಿನಿಂದ ಮಾಡಿದ ಕೃತಕ ಭಾಗ ಅವರ ಮಾತನ್ನು ಸರಿಪಡಿಸಿತು. ಅಧ್ಯಕ್ಷರಿಗೆ ಸಂಧಿವಾತ, ಹಲ್ಲುನೋವು ಎಂದು ಜನರಿಗೆ ತಿಳಿಸಲಾಯಿತು.

ಆಗಸ್ಟ್ 29ರಂದು ಇ. ಜೆ. ಎಡ್ವರ್ಡ್ಸ್ ಎಂಬ ಪತ್ರಕರ್ತರು ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ನಿಜಸಂಗತಿಯನ್ನು ಪ್ರಕಟಿಸಿದರು. ಅಧ್ಯಕ್ಷರ ಕಡೆಯವರು ಅದನ್ನು ಸಾರಾಸಗಟಾಗಿ ಅಲ್ಲಗಳೆದರು. ಇತರ ಪತ್ರಿಕೆಗಳು ಎಡ್ವರ್ಡ್ಸರನ್ನೇ ಸುಳ್ಳುಗಾರ ಎಂದು ಹೀಗಳೆದವು. ಬೆಳ್ಳಿಯ ಕಾನೂನು ಅದೇ ನವೆಂಬರಿನಲ್ಲಿ ರದ್ದಾಯಿತು. ಕ್ಲೀವ್‌ಲ್ಯಾಂಡ್ 1908ರವರೆಗೆ ಬದುಕಿದರು. 1917ರಲ್ಲಿ ಡಾ. ಕೀನ್ ನಡೆದದ್ದನ್ನೆಲ್ಲ ಬರೆದು ಪ್ರಕಟಿಸಿದಾಗಲೇ ಎಡ್ವರ್ಡ್ಸರ ಮೇಲಿನ ಕಳಂಕ ತೊಳೆದುಹೋದದ್ದು. ಅಷ್ಟರಲ್ಲಿ 24 ವರ್ಷಗಳು ಕಳೆದಿದ್ದವು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಹೇಳದೆ ಇರುವುದು ಒಂದು. ಸುಳ್ಳು ಹೇಳುವುದು ಇನ್ನೊಂದು. ಮೊದಲನೆಯದರ ಭಾರವನ್ನು ರೋಗಿ ತಾನೇ ಹೊರುತ್ತಾನೆ. ಎರಡನೆಯದರ ಭಾರ ಇಲ್ಲಿ ಎಡ್ವರ್ಡ್ಸರ ತಲೆಯ ಮೇಲೆ ಬಿತ್ತು.

ಹೇಳಿದ್ದರಿಂದ ಆದ ಉಪಕಾರ

1974ರ ಆಗಸ್ಟಿನಲ್ಲಿ ವಾಟರ್‌ಗೇಟ್ ಹಗರಣದಿಂದಾಗಿ ರಿಚರ್ಡ್ ನಿಕ್ಸನ್ ರಾಜೀನಾಮೆ ಕೊಟ್ಟರು. ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾದರು. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 28ರಂದು, ಅವರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಯಿತು. ಆ ರೋಗದ ಹೆಸರನ್ನು ನಾಲ್ವರ ಮುಂದೆ ಎತ್ತಲು ಹೆಂಗಸರು ನಾಚುತ್ತಿದ್ದ ಕಾಲವದು. ಮುಚ್ಚಿಟ್ಟ ಸಂಗತಿಗಳಿಂದ ದೇಶ ಬೇಸತ್ತಿದ್ದ ಕಾಲವೂ ಹೌದು. ಬೆಟ್ಟಿ ಫೋರ್ಡ್ ವಿಷಯವನ್ನು ಮುಚ್ಚಿಡಲಿಲ್ಲ. ಪರಿಣಾಮವಾಗಿ ಅಸಂಖ್ಯ ಮಹಿಳೆಯರು ತಪಾಸಣೆಗೆ ಮುಂದಾದರು. ಉಪಾಧ್ಯಕ್ಷ ಸ್ಥಾನಕ್ಕೆ ನಾಮಕರಣಗೊಂಡಿದ್ದ ನೆಲ್ಸನ್ ರಾಕ್‌ಫೆಲರರ ಪತ್ನಿಗೂ ಅದೇ ಅಕ್ಟೋಬರಿನಲ್ಲಿ ರೋಗ ಪತ್ತೆಯಾಗಿ ಚಿಕಿತ್ಸೆ ದೊರೆಯಿತು.

ತೂಕ ಇಳಿಸುವ ಶಸ್ತ್ರಚಿಕಿತ್ಸೆ

ಇನ್ನು ನಮ್ಮ ಮೂಲ ವಿಷಯಕ್ಕೆ ಬರೋಣ. ಹುಣ್ಣಿನ ಕಾರಣಕ್ಕೆ ಜಠರದ ಭಾಗವನ್ನು ತೆಗೆಸಿಕೊಂಡ ರೋಗಿಗಳ ತೂಕ ಇಳಿಯುವುದನ್ನು ಶಸ್ತ್ರವೈದ್ಯರು ಗಮನಿಸಿದ್ದರು. ಇದನ್ನು ಆಧರಿಸಿ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ಡಾ. ಚಿಕಾಶಿ ಇಟೊ ಅವರೊಡನೆ ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಜಠರದ ಮೇಲ್ಭಾಗವನ್ನು ಒಂದು ಪುಟ್ಟ ಚೀಲದಂತೆ ಬೇರ್ಪಡಿಸಿ ಸಣ್ಣ ಕರುಳಿಗೆ ಜೋಡಿಸುವುದು ಇದರ ತಿರುಳು. ಸ್ವಲ್ಪ ತಿಂದರೂ ಹೊಟ್ಟೆ ತುಂಬುತ್ತದೆ. ಹಸಿವನ್ನು ನಿಯಂತ್ರಿಸುವ ಹಾರ್ಮೋನುಗಳೂ ಬದಲಾಗುತ್ತವೆ.

ಈ ಚಿಕಿತ್ಸೆಯನ್ನು ಮನೆಮನೆಗೆ ಪರಿಚಯಿಸಿದವರಲ್ಲಿ ಗಾಯಕಿ ಕಾರ್ನಿ ವಿಲ್ಸನ್ ಮುಖ್ಯರು. 1999ರ ಆಗಸ್ಟಿನಲ್ಲಿ ಅವರ ಶಸ್ತ್ರಚಿಕಿತ್ಸೆ ಇಂಟರ್‌ನೆಟ್ಟಿನಲ್ಲಿ ನೇರವಾಗಿ ಪ್ರಸಾರವಾಯಿತು. ಆದರೆ ಹೇಳಿಕೊಂಡವರಿಗೆ ಇನ್ನೊಂದು ಕಷ್ಟವಿದೆ. ಮುಂದೆ ಅವರ ತೂಕ ಮತ್ತೆ ಏರಿದಾಗ ಅದೂ ಲೋಕದ ಮಾತಾಯಿತು. 2012ರಲ್ಲಿ ಅವರು ಎರಡನೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ ಅದೂ ಸುದ್ದಿಯಾಯಿತು.

ಇದಕ್ಕೆ ವಿರುದ್ಧವಾದ ದಾರಿ ನ್ಯೂಜೆರ್ಸಿಯ ಅಂದಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಅವರದು. 2013ರ ಫೆಬ್ರುವರಿಯಲ್ಲಿ ಅವರು ಬೇರೆ ಹೆಸರಿನಲ್ಲಿ ಆಸ್ಪತ್ರೆ ಸೇರಿ, ಜಠರದ ಸುತ್ತ ಪಟ್ಟಿ ಅಳವಡಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಮೇ ತಿಂಗಳಲ್ಲಿ ಪತ್ರಿಕೆಯೊಂದರ ಮೂಲಕ ಸುದ್ದಿ ಹೊರಬಂತು. ಆಗ ಕ್ರಿಸ್ಟಿ ಅಲ್ಲಗಳೆಯಲಿಲ್ಲ. ತಮಗೆ ಐವತ್ತು ತುಂಬಿತು, ಹೆಂಡತಿ ಮಕ್ಕಳ ಸಲುವಾಗಿ ಇದನ್ನು ಮಾಡಿಸಿಕೊಂಡೆ, ಇದು ಬೇರೆಯವರ ವಿಷಯವಲ್ಲ ಎಂಬುದು ಅವರ ನಿಲುವಾಗಿತ್ತು. ಕ್ಲೀವ್‌ಲ್ಯಾಂಡರ ಪ್ರಸಂಗಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ. ಗುಟ್ಟು ಎರಡೂ ಕಡೆ ಇತ್ತು. ಆದರೆ ಸುದ್ದಿ ಬರೆದವರನ್ನು ಈ ಬಾರಿ ಸುಳ್ಳುಗಾರರನ್ನಾಗಿ ಮಾಡಲಿಲ್ಲ.

ಯಾರಿಗೆ ಹೇಳಬೇಕು?

ಹೃದಯದ ಶಸ್ತ್ರಚಿಕಿತ್ಸೆಯಾದವರನ್ನು ನಾವು ಹಣ್ಣು ಹಿಡಿದು ನೋಡಲು ಹೋಗುತ್ತೇವೆ. ತೂಕಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ, 'ಊಟ ಕಡಿಮೆ ಮಾಡಿದ್ದರೆ ಸಾಕಿತ್ತಲ್ಲ' ಎಂದುಬಿಡುತ್ತೇವೆ. ಬೊಜ್ಜು ಎಂದರೆ ಬಾಯಿಚಪಲ, ಸೋಮಾರಿತನ ಎಂಬ ಹಳೆಯ ಎಣಿಕೆಯೇ ಇದಕ್ಕೆ ಕಾರಣ. ಅನುವಂಶಿಕತೆ, ಹಾರ್ಮೋನು, ಪರಿಸರ ಎಲ್ಲವೂ ತೂಕವನ್ನು ನಿರ್ಧರಿಸುತ್ತವೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಶಸ್ತ್ರಚಿಕಿತ್ಸೆಯೂ ಸುಲಭದ ದಾರಿಯಲ್ಲ. ಬೈಪಾಸ್ ಆದವರು ಬಿ12, ಕಬ್ಬಿಣ ಮುಂತಾದ ಪೋಷಕಾಂಶಗಳನ್ನು ಜೀವನವಿಡೀ ತೆಗೆದುಕೊಳ್ಳಬೇಕು; ತಿನ್ನುವ ಕ್ರಮವನ್ನೇ ಬದಲಿಸಿಕೊಳ್ಳಬೇಕು.

ಒಂದು ಕಡೆ ಮಾತ್ರ ಮುಚ್ಚುಮರೆ ಸಲ್ಲದು. ಮುಂದೆ ಯಾವ ಕಾಯಿಲೆಗೆ ಯಾವ ವೈದ್ಯರ ಬಳಿಗೆ ಹೋದರೂ ಈ ಸಂಗತಿಯನ್ನು ತಿಳಿಸಲೇಬೇಕು. ಐಬುಪ್ರೊಫೇನ್‌ನಂಥ ಸಾಮಾನ್ಯ ನೋವಿನ ಮಾತ್ರೆ ಕೂಡ ಬೈಪಾಸ್ ಆದವರಲ್ಲಿ ಹುಣ್ಣು ಉಂಟುಮಾಡಬಹುದು. ಜೊತೆಯಲ್ಲಿ ವಾಸಿಸುವ ಒಬ್ಬರಿಗಾದರೂ ತಿಳಿದಿದ್ದರೆ ಆಪತ್ಕಾಲದಲ್ಲಿ ನೆರವಾಗುತ್ತದೆ. ಉಳಿದ ನೆಂಟರಿಷ್ಟರಿಗೆ, ಸಹೋದ್ಯೋಗಿಗಳಿಗೆ ಹೇಳುವುದು ಬಿಡುವುದು ಅವರವರ ಇಷ್ಟ. ಮದುವೆಯೂಟದ ಪಂಕ್ತಿಯಲ್ಲಿ 'ಏಕೆ ಇಷ್ಟೇ ಬಡಿಸಿಕೊಂಡಿರಿ?' ಎಂದು ಕೇಳಿದವರಿಗೆ 'ನನಗೆ ಇಷ್ಟು ಸಾಕು' ಎಂದರೆ ಅದು ಸುಳ್ಳಲ್ಲ. ಆದರೆ ಬೊಜ್ಜಿನಿಂದ ಬಳಲುತ್ತಿರುವ ಇನ್ನೊಬ್ಬರು 'ನೀವು ಹೇಗೆ ಇಳಿಸಿದಿರಿ?' ಎಂದು ಆಸೆಯಿಂದ ಕೇಳಿದಾಗ, ಬರಿಯ ನಡಿಗೆಯಿಂದ, ಬಿಸಿನೀರಿನಿಂದ ಎಂದುಬಿಟ್ಟರೆ? ನಂಬಿದ ಆ ವ್ಯಕ್ತಿ ತಿಂಗಳುಗಟ್ಟಲೆ ಪ್ರಯತ್ನಪಟ್ಟು, ಫಲ ಕಾಣದೆ ತನ್ನನ್ನೇ ಹಳಿದುಕೊಳ್ಳಬಹುದು. 'ವೈದ್ಯರ ಸಹಾಯ ಪಡೆದೆ' ಎಂಬ ಒಂದು ಮಾತು ಗುಟ್ಟನ್ನೂ ಕಾಯುತ್ತದೆ, ಕೇಳಿದವರನ್ನೂ ದಾರಿ ತಪ್ಪಿಸುವುದಿಲ್ಲ.

ಕೇಳಿಸಿಕೊಳ್ಳುವವರಿಗೂ ಕರ್ತವ್ಯವಿದೆ. ಒಬ್ಬರು ನಂಬಿ ಹೇಳಿದ್ದನ್ನು ಮೂರನೆಯವರಿಗೆ ಮುಟ್ಟಿಸಬಾರದು. ಅಂಥವರು ಎಷ್ಟು ಉಣ್ಣುತ್ತಾರೆಂದು ತುತ್ತು ಎಣಿಸಬಾರದು. ಈ ಭರವಸೆ ಇರುವ ಮನೆಯಲ್ಲಿ, ತರಗತಿಯಲ್ಲಿ ಹೇಳಿಕೊಳ್ಳುವುದು ಅಷ್ಟು ಕಷ್ಟವಾಗದು.

ಚರ್ಚಿಸಲು ನಿಮಗೊಂದು ಪ್ರಶ್ನೆ: ಎಡ್ವರ್ಡ್ಸರ ಕೈಗೆ ಸಿಕ್ಕಿದ್ದು ಅಧ್ಯಕ್ಷರ ಗುಟ್ಟು ಎಂಬ ಕಾರಣಕ್ಕೆ ಅವರು ಬರೆದದ್ದು ಸರಿ ಎನ್ನೋಣ. ಅದೇ ಗುಟ್ಟು ನಿಮ್ಮ ಸಹಪಾಠಿಯದಾಗಿದ್ದರೆ ನೀವು ಏನು ಮಾಡುತ್ತಿದ್ದಿರಿ? ಏಕೆ?