ಹಲ್ಲುಚಕ್ರವೂ ವಿದ್ಯಾವಂತರೂ

ಯಂತ್ರವಿದ್ಯೆಯು ಕೇವಲ ತಜ್ಞರ ಸೊತ್ತೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ಅದು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ನಮ್ಮ ಊರಿನ ಚರಿತ್ರೆಯಿಂದಲೇ ಪರೀಕ್ಷಿಸೋಣ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿಯನ್ನು ಪಡೆದ ವಿಶ್ವೇಶ್ವರಯ್ಯನವರು ಅನಂತರ ಪುಣೆಯಲ್ಲಿ ಕಲಿತದ್ದು ಸಿವಿಲ್ ಎಂಜಿನಿಯರಿಂಗು. ಎಂದರೆ ಕಟ್ಟೆ, ಕಾಲುವೆ, ಸೇತುವೆಗಳ ವಿದ್ಯೆ. ಯಂತ್ರಶಾಸ್ತ್ರವು ಅವರ ವಿಶೇಷ ವಿಷಯವಾಗಿರಲಿಲ್ಲ. ಆದರೂ 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಕಲ್ಪಿಸಿದವರು ಅವರೇ. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ಅವು ತಾವಾಗಿ ತೆರೆಯುವುವು; ಇಳಿದರೆ ತಾವಾಗಿ ಮುಚ್ಚಿಕೊಳ್ಳುವುವು. ಭಾರಕ್ಕೆ ಪ್ರತಿಭಾರವನ್ನು ಹೂಡುವುದೇ ಇದರ ಮೂಲತತ್ತ್ವ. ತಕ್ಕಡಿ ಹಿಡಿದವರೆಲ್ಲರೂ ಅದನ್ನು ಬಲ್ಲರು.

ಹಲ್ಲುಚಕ್ರದ ತತ್ತ್ವವೂ ಇದಕ್ಕಿಂತ ಕಠಿನವಲ್ಲ. ಆಲೆಮನೆಯ ಗಾಣವನ್ನು ನೋಡಿರಿ. ಹಲ್ಲಿಗೆ ಹಲ್ಲು ಕಚ್ಚಿಕೊಂಡಿರುವ ಎರಡು ಉರುಳೆಗಳಲ್ಲಿ ಒಂದು ತಿರುಗಿದರೆ ಮತ್ತೊಂದು ಎದುರು ದಿಕ್ಕಿಗೆ ತಿರುಗುವುದು. ಕಬ್ಬನ್ನು ನಡುವಿಗೆ ಸೆಳೆದುಕೊಳ್ಳುವ ಗುಟ್ಟು ಇದೇ. ಇನ್ನು, 20 ಹಲ್ಲುಗಳ ಚಕ್ರವೊಂದು 60 ಹಲ್ಲುಗಳ ಚಕ್ರವನ್ನು ತಿರುಗಿಸುತ್ತಿದೆಯೆನ್ನಿ. ಚಿಕ್ಕದು ಮೂರು ಸುತ್ತು ಬಂದಾಗ ದೊಡ್ಡದು ಒಂದೇ ಸುತ್ತು ಬರುವುದು. ವೇಗವು ಮೂರನೆಯ ಒಂದು ಪಾಲಿಗೆ ಇಳಿಯಿತು. ಆದರೆ ತಿರುಗಿಸುವ ಬಲವು, ಘರ್ಷಣೆಯಲ್ಲಿ ನಷ್ಟವಾದಷ್ಟನ್ನು ಕಳೆದರೆ, ಮೂರರಷ್ಟಾಯಿತು. ಬಲ ಬೇಕಾದವನು ವೇಗವನ್ನು ತೆರಬೇಕು. ವೇಗ ಬೇಕಾದವನು ಬಲವನ್ನು. ಮೋಟಾರು ಗಾಡಿಯು ದಿಣ್ಣೆಯನ್ನು ಹತ್ತುವಾಗ ಚಾಲಕನು ಗೇರನ್ನು ಬದಲಾಯಿಸುವುದು ಈ ಲೆಕ್ಕಕ್ಕಾಗಿಯೇ.

1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಗಿ ತಜ್ಞರ ಶಿಕ್ಷಣಕ್ಕೆ ಏರ್ಪಾಡಾಯಿತು. ಉಳಿದವರ ಗತಿಯೇನು? ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿ ಈ ಪ್ರಶ್ನೆಗೆ ಉತ್ತರವಿತ್ತರು. ಇಂಗ್ಲಿಷ್ ಬಾರದವರಿಗೂ ಪ್ರಕೃತಿಯ ನಿಯಮಗಳು ತಿಳಿಯಬೇಕೆಂಬುದು ಅವರ ಉದ್ದೇಶ. ಪತ್ರಿಕೆಯು ಎರಡೇ ವರ್ಷ ನಡೆದು ನಿಂತುಹೋಯಿತು. ವೆಂಕಟನಾರಣಪ್ಪನವರ ಉತ್ಸಾಹ ಮಾತ್ರ ನಿಲ್ಲಲಿಲ್ಲ. ಇದೇ ಮಹನೀಯರು ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗಾಗಿ ಪಂಪಭಾರತದ ಸಂಪಾದನೆಯಲ್ಲಿಯೂ ದುಡಿದರು.

ಭೌತಶಾಸ್ತ್ರದ ಅಧ್ಯಾಪಕರು ಹಳಗನ್ನಡದ ಓಲೆಗಳವರೆಗೆ ನಡೆದು ಬಂದರು. ಸಾಹಿತ್ಯ ಚರಿತ್ರೆಗಳನ್ನು ಓದಿದ ನಾವು ಗಾಣದ ಚಕ್ರದವರೆಗೆ ಹೋಗಲಾರೆವೆ? ಅದಕ್ಕೆ ಪ್ರಯೋಗಶಾಲೆಯೇನೂ ಬೇಕಿಲ್ಲ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಬೀದಿಬದಿಯ ಕಬ್ಬಿನಹಾಲಿನ ಯಂತ್ರದೆದುರು ಎರಡು ನಿಮಿಷ ನಿಂತು, ಯಾವ ಚಕ್ರಕ್ಕೆ ಎಷ್ಟು ಹಲ್ಲುಗಳಿವೆಯೆಂದು ಎಣಿಸಿದರೆ ಪಾಠವು ಆರಂಭವಾದಂತೆಯೇ ಸರಿ.