ಸೊಲ್ಲಾಪುರದ ವೈದ್ಯ, ಚೀನಾದ ಸಮಾಧಿ

ಸಾನಮಾವಿನ ಕನ್ನಡ ಬಂಧುಗಳ ಮುಂದೆ ಸೊಲ್ಲಾಪುರದ ಮಾತನ್ನೆತ್ತುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಹೊಸೂರು ಸೀಮೆಯ ನಾವು ದಕ್ಷಿಣದ ಗಡಿಯಲ್ಲಿರುವಂತೆ ಸೊಲ್ಲಾಪುರದ ಕನ್ನಡಿಗರು ಉತ್ತರದ ಗಡಿಯಲ್ಲಿರುವರು. ಶಿವಯೋಗಿ ಸಿದ್ಧರಾಮನ ಸೊನ್ನಲಿಗೆಯೇ ಆ ಊರು. ಅಲ್ಲಿ 1910ನೆಯ ಇಸವಿ ಅಕ್ಟೋಬರ್ 10ರಂದು ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು ಪರದೇಶದ ಸೈನ್ಯವೊಂದರ ಗಾಯಾಳುಗಳನ್ನು ಶುಶ್ರೂಷೆ ಮಾಡುತ್ತ ಪ್ರಾಣಬಿಟ್ಟರು. ಅವರ ಮನೆಮಾತು ಮರಾಠಿ. ಅವರನ್ನು ಕನ್ನಡಿಗರೆಂದು ಎಳೆದುಕೊಳ್ಳುವ ಚಾಪಲ್ಯ ನಮಗಿಲ್ಲ. ಗಡಿಯ ಊರು ಎರಡು ಭಾಷೆಗಳಿಗೂ ತಾಯಿಯಾಗಬಲ್ಲದೆಂಬುದನ್ನು ಗಡಿಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1937ರಲ್ಲಿ ಜಪಾನು ಚೀನಾದ ಮೇಲೆ ದಂಡೆತ್ತಿ ಬಂದಿತು. ಚೀನೀ ಸೇನಾನಿ ಜೂ ದೆ ಅವರು ವೈದ್ಯರನ್ನು ಕಳುಹಿಸಬೇಕೆಂದು ಜವಾಹರಲಾಲ ನೆಹರೂ ಅವರನ್ನು ಕೋರಿದರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರಲ್ಲಿ ಧನಸಹಾಯ ಬೇಡಿದರು. ನಾವೇ ಪರರ ಆಳ್ವಿಕೆಯಲ್ಲಿದ್ದ ಕಾಲವದು. ಆದರೂ ಹಣ ಕೂಡಿತು, ವೈದ್ಯರೂ ಮುಂದೆ ಬಂದರು. ಅಟಲ್, ಚೋಲ್ಕರ್, ಬಸು, ಮುಖರ್ಜಿ, ಕೋಟ್ನೀಸ್ ಎಂಬ ಐವರು 1938ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗನ್ನೇರಿದರು. ಮುಂಬಯಿಯಲ್ಲಿ ವೈದ್ಯವಿದ್ಯೆ ಕಲಿತಿದ್ದ ಕೋಟ್ನೀಸರಿಗೆ ಆಗ ಇಪ್ಪತ್ತೆಂಟು ತುಂಬಿರಲಿಲ್ಲ.

ಚೀನಾದಲ್ಲಿರುವಾಗಲೇ ತಂದೆ ತೀರಿಕೊಂಡ ವಾರ್ತೆ ಬಂದಿತು. ಹಿಂದಿರುಗಬಹುದಾಗಿತ್ತು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಹಿಂದಿರುಗಲಿಲ್ಲ. ಯೆನಾನಿಗೆ ಹೋಗಿ, ಅಲ್ಲಿಂದ ಶತ್ರುಗಳ ಬೆನ್ನಹಿಂದಿನ ಬೆಟ್ಟಸೀಮೆಗೆ ನಡೆದು, ಎಂಟನೆಯ ಮಾರ್ಗಸೇನೆಯನ್ನು ಕೂಡಿಕೊಂಡರು. ಅಲ್ಲಿ ಆಸ್ಪತ್ರೆಯೆಂದರೆ ನಾವು ಕಾಣುವ ಸುಣ್ಣ ಬಳಿದ ಕಟ್ಟಡವಲ್ಲ. ರೈತರ ಮನೆಗಳಲ್ಲಿ ಗಾಯಾಳುಗಳನ್ನು ಮಲಗಿಸುವುದು, ಶತ್ರು ಸಮೀಪಿಸಿದರೆ ಹೊತ್ತುಕೊಂಡು ಬೇರೆ ಹಳ್ಳಿಗೆ ಸಾಗುವುದು. ಔಷಧಿಗೆ ಸದಾ ಅಭಾವ. 1940ರ ಒಂದು ಕದನದಲ್ಲಿ ಅವರು ಎಪ್ಪತ್ತೆರಡು ಗಂಟೆಗಳ ಕಾಲ ನಿದ್ರೆಯಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರು. ಕೆನಡಾದ ಡಾಕ್ಟರ್ ನಾರ್ಮನ್ ಬೆಥೂನರು 1939ರಲ್ಲಿ ಅದೇ ಸೀಮೆಯಲ್ಲಿ ಮಡಿದಿದ್ದರು. ಅವರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರಲ್ಲಿ ಕೋಟ್ನೀಸರು ನಿರ್ದೇಶಕರಾದರು. ಚೀನೀ ಭಾಷೆಯನ್ನು ಕಲಿತು ಆ ಭಾಷೆಯಲ್ಲಿಯೇ ಪಾಠ ಹೇಳಿದರು, ಶಸ್ತ್ರವೈದ್ಯದ ಪಠ್ಯವನ್ನು ಬರೆದರು. ಮಾತೃಭಾಷೆಯ ಶಾಲೆಗಾಗಿ ಅಲೆದ ನಮ್ಮವರಿಗೆ ಇದರ ಬೆಲೆ ಚೆನ್ನಾಗಿ ತಿಳಿದೀತು.

ಅಲ್ಲಿಯ ದಾದಿ ಗುವೋ ಚಿಂಗ್‌ಲಾನ್ ಅವರನ್ನು ವಿವಾಹವಾದರು. 1942ರ ಆಗಸ್ಟಿನಲ್ಲಿ ಹುಟ್ಟಿದ ಮಗುವಿಗೆ ಇನ್‌ಹ್ವಾ ಎಂದು ಹೆಸರಿಟ್ಟರು. ‘ಇನ್’ ಎಂದರೆ ಭಾರತ, ‘ಹ್ವಾ’ ಎಂದರೆ ಚೀನಾ. ಅವಿಶ್ರಾಂತ ದುಡಿಮೆಯಿಂದ ದೇಹ ಜರ್ಜರಿತವಾಗಿತ್ತು, ಅಪಸ್ಮಾರ ಬೇರೆ ಕಾಡುತ್ತಿತ್ತು. ಅದೇ ವರ್ಷದ ಡಿಸೆಂಬರ್ 9ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ಕಣ್ಣುಮುಚ್ಚಿದರು. ಗುಂಡು ತಗುಲಿ ಸತ್ತವರಲ್ಲವಲ್ಲ, ಇವರನ್ನು ಹುತಾತ್ಮರೆನ್ನಬಹುದೇ ಎಂದು ಕೇಳುವವರುಂಟು. ಮೂರು ತಿಂಗಳ ಕೂಸನ್ನು ಬಿಟ್ಟು ಪರನಾಡಿನ ಯುದ್ಧಭೂಮಿಯಲ್ಲಿಯೇ ಮಡಿದವರ ವಿಷಯದಲ್ಲಿ ಈ ಪ್ರಶ್ನೆ ನಮಗೆ ಸಲ್ಲದೆಂದು ತೋರುತ್ತದೆ.

ಖ್ವಾಜಾ ಅಹಮದ್ ಅಬ್ಬಾಸರು ಅವರ ಕಥೆಯನ್ನು ಪುಸ್ತಕವಾಗಿ ಬರೆದರು, ವಿ. ಶಾಂತಾರಾಮರು 1946ರಲ್ಲಿ ಚಲನಚಿತ್ರ ಮಾಡಿದರು. ಚೀನಾದ ಷಿಜ್ಯಾಜುವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಬೆಥೂನರ ಸಮಾಧಿಯೂ ಕೋಟ್ನೀಸರ ಸಮಾಧಿಯೂ ಇವೆ. 1962ರಲ್ಲಿ ಎರಡು ದೇಶಗಳು ಯುದ್ಧ ಮಾಡಿದುವು. ಆದರೂ ಈ ಹೆಸರನ್ನು ಆ ಜನ ಮರೆಯಲಿಲ್ಲ. ಚೀನಾ 1982ರಲ್ಲಿ ಅವರ ಅಂಚೆಚೀಟಿಯನ್ನು ಹೊರಡಿಸಿತು. ನಮ್ಮ ಸರ್ಕಾರದ ಅಂಚೆಚೀಟಿ ಬಂದುದು 1993ರಲ್ಲಿ. ಹನ್ನೊಂದು ವರ್ಷಗಳ ಈ ಅಂತರವನ್ನು ನಾವು ಹೆಮ್ಮೆಯಿಂದ ಹೇಳಲಾರೆವು.

ಸೊಲ್ಲಾಪುರದಲ್ಲಿ ಅವರ ಮನೆ ಈಗ ಸ್ಮಾರಕವಾಗಿದೆ. ಸಿದ್ಧೇಶ್ವರನ ದರ್ಶನಕ್ಕೆ ಅತ್ತ ಹೋಗುವ ನಮ್ಮೂರ ಬಂಧುಗಳು ಮಕ್ಕಳನ್ನು ಕರೆದುಕೊಂಡು ಆ ಮನೆಯನ್ನೂ ನೋಡಿಬರಬೇಕೆಂದು ಬೇಡುತ್ತೇವೆ.