ಆನೆಯ ಮದ, ಅರಿವಳಿಕೆ ಮತ್ತು ಮಿದುಳಿನ ಗ್ರಾಹಕಗಳು

ಜೀವಕೋಶದ ಹೊರಮೈಯಲ್ಲಾಗಲಿ ಒಳಗಾಗಲಿ ನೆಲೆಸಿದ್ದು, ತನಗೆ ಹೊಂದುವ ರಾಸಾಯನಿಕ ದ್ರವ್ಯ ಬಂದು ಕೂಡಿದೊಡನೆ ಆ ಕೋಶದ ವ್ಯಾಪಾರವನ್ನು ಬದಲಿಸುವ ಪ್ರೋಟೀನುಗಳಿಗೆ ಗ್ರಾಹಕಗಳೆಂದೂ, ಒಂದು ನರಕೋಶದ ತುದಿಯಿಂದ ಒಸರಿ ಮುಂದಿನ ಕೋಶಕ್ಕೆ ಸುದ್ದಿಯನ್ನು ಮುಟ್ಟಿಸುವ ದ್ರವ್ಯಗಳಿಗೆ ನರವಾಹಕಗಳೆಂದೂ ಹೆಸರು. ಪ್ರಾಣಿಯ ಕೋಪ, ಭಯ, ನಿದ್ರೆ, ಕಾಮ, ಶಾಂತಿಗಳು ಈ ಎರಡರ ಕೂಟದಿಂದ ಹೇಗೆ ಏರಿಳಿಯುತ್ತವೆಂಬುದನ್ನು ಪ್ರಯೋಗಶಾಲೆಯ ಕಪ್ಪೆ, ಇಲಿ, ಮೊಲಗಳಲ್ಲಿ ಅರಿಯುವುದಕ್ಕೆ ಒಂದು ಶತಮಾನವೇ ಹಿಡಿಯಿತು. ಅದೇ ವಿಷಯವನ್ನು ಕರ್ನಾಟಕದಲ್ಲಿ ಕಣ್ಣಾರೆ ಕಾಣಬಯಸುವವರಿಗೆ, ಶಿವಮೊಗ್ಗದಿಂದ ಸುಮಾರು 14 ಕಿಲೋಮೀಟರು ದೂರದಲ್ಲಿ, ತೀರ್ಥಹಳ್ಳಿಯ ದಾರಿಯಲ್ಲಿ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿರುವ ಸಕ್ರೆಬೈಲು ಆನೆ ಬಿಡಾರಕ್ಕಿಂತ ತಕ್ಕ ಸ್ಥಳ ಸಿಗಲಾರದು.

ಬಿಡಾರದ ಆನೆಗಳನ್ನು ಸಂಜೆಯ ಹೊತ್ತಿಗೆ ಕಾಲಿಗೆ ಸರಪಳಿ ತೊಡಿಸಿ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡಿಗೆ ಮೇಯಲು ಬಿಡುತ್ತಾರೆ. ಬೆಳಗಾದೊಡನೆ ಮಾವುತ ಕಾವಾಡಿಗಳು ನೆಲದ ಮೇಲೆ ಸರಪಳಿ ಎಳೆದ ಗೆರೆಯನ್ನು ಹಿಡಿದು ಹೋಗಿ ಅವನ್ನು ಕರೆತಂದು ತುಂಗೆಯಲ್ಲಿ ಮಲಗಿಸಿ ಮೈ ತಿಕ್ಕುತ್ತಾರೆ. ಕಾವಾಡಿಯೊಬ್ಬನ ಒಂದೇ ಮಾತಿಗೆ ನೀರಿನಲ್ಲಿ ಪಕ್ಕಕ್ಕೆ ಹೊರಳಿ ಕಿವಿಯನ್ನು ಒಡ್ಡುವ ಸಲಗವು ವರ್ಷದ ಕೆಲವು ವಾರಗಳಲ್ಲಿ ಅದೇ ಕಾವಾಡಿಯನ್ನು ಹತ್ತಿರಕ್ಕೆ ಬಿಟ್ಟುಕೊಳ್ಳದು. ಕಣ್ಣಿಗೂ ಕಿವಿಗೂ ನಡುವಣ ಗ್ರಂಥಿಯಿಂದ ಕರಿಯ ಜಿಗುಟು ದ್ರವ ಕೆನ್ನೆಯ ಮೇಲೆ ಇಳಿಯತೊಡಗಿತೆಂದರೆ, ಹಿಂಗಾಲುಗಳ ಒಳಮೈ ಮೂತ್ರದಿಂದ ಸದಾ ಒದ್ದೆಯಾಗಿ ಕಂಡಿತೆಂದರೆ, ಅದನ್ನು ಜನಸಂಚಾರದಿಂದ ದೂರವಾಗಿ ಗಟ್ಟಿಮರಕ್ಕೆ ಕಟ್ಟಿ, ಕುಸುರೆಯೆಂಬ ಪುಷ್ಟಿಯ ತಿನಿಸನ್ನು ಕಡಿಮೆ ಮಾಡಿ, ನೀರು ಹುಲ್ಲುಗಳನ್ನು ದೂರದಿಂದಲೇ ನೂಕುವುದು ವಾಡಿಕೆ. ಕಣ್ಣನ್ನೂ ಕೆನ್ನೆಯನ್ನೂ ದಿನವೂ ನೋಡಿ ಸಲಗದ ಮನಸ್ಸನ್ನು ಓದುವ ಈ ವಿದ್ಯೆ ಯಾವ ಪುಸ್ತಕದಿಂದಲೂ ಬಂದುದಲ್ಲ. ಆದರೆ ಪುಸ್ತಕಗಳೂ ಅದನ್ನು ಬಹಳ ಹಿಂದೆಯೇ ಗುರುತಿಸಿದ್ದುವು.

ಸಂಸ್ಕೃತದಲ್ಲಿ ಪಾಲಕಾಪ್ಯನ ಹೆಸರಿನ ಹಸ್ತ್ಯಾಯುರ್ವೇದವೂ ನೀಲಕಂಠನ ಮಾತಂಗಲೀಲೆಯೂ ಮದವೆಂಬ ಈ ಅವಸ್ಥೆಯ ಲಕ್ಷಣಗಳನ್ನು ವಿಸ್ತಾರವಾಗಿ ವರ್ಣಿಸುತ್ತವೆ. ಆನೆಯನ್ನೇ ಲಾಂಛನವಾಗಿ ಧರಿಸಿದ್ದ ತಲಕಾಡಿನ ಗಂಗರಲ್ಲಿ ಶ್ರೀಪುರುಷನು ಗಜಶಾಸ್ತ್ರವನ್ನೂ ಇಮ್ಮಡಿ ಶಿವಮಾರನು ಕನ್ನಡದಲ್ಲಿ ಗಜಾಷ್ಟಕವನ್ನೂ ರಚಿಸಿದರೆಂಬ ಪ್ರಸಿದ್ಧಿಯುಂಟು. ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಹನ್ನೆರಡನೆಯ ಶತಮಾನದಲ್ಲಿ ಆನೆ ಹಿಡಿಯುವ ಬಗೆಗಳನ್ನು ಹೇಳುತ್ತದೆ. ಮದಜಲದ ಸುವಾಸನೆಗೆ ದುಂಬಿಗಳು ಮುತ್ತುತ್ತವೆಂಬ ಕವಿಸಮಯವನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕಿದವರು ನಮ್ಮಲ್ಲಿ ಕಡಮೆಯಿಲ್ಲ. ಆ ಮಾತು ಎಷ್ಟರಮಟ್ಟಿಗೆ ನಿಜವೆಂಬುದು ಮುಂದೆ ತಿಳಿಯುವುದು.

ಹಿಡಿಯುವ ವಿಧಾನದಲ್ಲಿ ಮಾತ್ರ ಬಹುಕಾಲ ಬದಲಾವಣೆಯಾಗಲಿಲ್ಲ. 1870ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ ಮೈಸೂರು ಸೀಮೆಯಲ್ಲಿ ನೆಲೆಗೊಳಿಸಿದ ಖೆಡ್ಡಾ 1971ರವರೆಗೆ ಕಾಕನಕೋಟೆಯಲ್ಲಿ ನಡೆದು ಕೊನೆಗೊಂಡಿತು. ತಮಟೆ, ಬೆಂಕಿ, ಸಿಡಿಮದ್ದುಗಳಿಂದ ಹಿಂಡನ್ನು ಬೆದರಿಸಿ ಹೊಳೆ ದಾಟಿಸಿ ದೊಡ್ಡಿಯೊಳಗೆ ನೂಕುವ ಆ ಪದ್ಧತಿಯಲ್ಲಿ ಮನುಷ್ಯನಿಗೆ ದೊರೆತಿದ್ದ ಸಾಧನಗಳು ಭಯ, ಹಸಿವು, ಆಯಾಸಗಳಷ್ಟೆ. ಅವು ಆನೆಯ ಒಡಲೊಳಗಿನ ರಸಗಳ ಮೂಲಕವೇ ಕೆಲಸಮಾಡುತ್ತಿದ್ದುವಾದರೂ, ಆ ರಸಗಳ ಹೆಸರು ಹೊಡೆಯುವವನಿಗೂ ತಿಳಿಯದು, ಹಿಡಿಯುವವನಿಗೂ ತಿಳಿಯದು.

ಮದದ ರಸಾಯನವು ಮೊದಲು ಅಳತೆಗೆ ಸಿಕ್ಕಿದ್ದು ಸಿಂಹಳದಲ್ಲಿ. ಜೈನುದ್ದೀನ್, ಕಟೊಂಗೋಲೆ, ಶಾರ್ಟ್ ಎಂಬವರು 1972ರಲ್ಲಿ ಪ್ರಕಟಿಸಿದ ವರದಿಯಂತೆ, ಮದವಿಲ್ಲದ ಸಲಗದ ರಕ್ತದಲ್ಲಿ ಮಿಲಿಲೀಟರಿಗೆ 0.2ರಿಂದ 1.4 ನ್ಯಾನೋಗ್ರಾಮಿನಷ್ಟಿದ್ದ ಟೆಸ್ಟೊಸ್ಟಿರೋನ್ ಎಂಬ ಗಂಡುಹಾರ್ಮೋನು ಪೂರ್ಣ ಮದದಲ್ಲಿ 29.6ರಿಂದ 65.4ಕ್ಕೆ ಏರಿದ್ದಿತು. ಈ ಏರಿಕೆ ವರ್ತನೆಯಾಗಿ ಮಾರ್ಪಡುವ ಬಗೆಯನ್ನು ಗಮನವಿಟ್ಟು ನೋಡಬೇಕು. ಟೆಸ್ಟೊಸ್ಟಿರೋನ್ ನರಕೋಶದ ಹೊರಬಾಗಿಲಲ್ಲಿ ನಿಲ್ಲದೆ ಒಳಹೊಕ್ಕು, ಕೆಲಭಾಗ ಈಸ್ಟ್ರೋಜನ್ನಾಗಿ ಪರಿವರ್ತನೆಗೊಂಡು, ಕೋಶದ ಒಳಗಿರುವ ಗ್ರಾಹಕಗಳೊಡನೆ ಕೂಡಿ ಜೀನುಗಳನ್ನೇ ಎಚ್ಚರಿಸುತ್ತದೆ ಅಥವಾ ಮಲಗಿಸುತ್ತದೆ. ಸಸ್ತನಿಗಳಲ್ಲಿ ಇಂಥ ಗ್ರಾಹಕಗಳು ಹೇರಳವಾಗಿರುವುದು ಹೈಪೊಥಲಾಮಸ್ ಮತ್ತು ಅಮಿಗ್ಡಲಗಳಲ್ಲಿ, ಎಂದರೆ ಕಾಮಕ್ಕೂ ಕೋಪಕ್ಕೂ ಭಯಕ್ಕೂ ಸಂಬಂಧಪಟ್ಟ ಎಡೆಗಳಲ್ಲಿ. ಜೀನು ಎಚ್ಚತ್ತು, ಹೊಸ ಪ್ರೋಟೀನು ಹುಟ್ಟಿ, ನರಮಂಡಲದ ಹದ ಬದಲಾಗಬೇಕಾದರೆ ಗಳಿಗೆಗಳು ಸಾಲವು, ದಿನಗಳು ಬೇಕು. ಮದವು ಮೆಲ್ಲಮೆಲ್ಲನೆ ಏರುವುದಕ್ಕೂ, ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ನಿಲ್ಲುವುದಕ್ಕೂ, ಮಾವುತನ ಗದರಿಕೆಗಾಗಲಿ ಮುದ್ದಿಗಾಗಲಿ ಇಳಿಯದಿರುವುದಕ್ಕೂ ಇದು ಮುಖ್ಯ ಕಾರಣ. ಸಲಗಕ್ಕೆ ಆಗ ತನ್ನವರ ಗುರುತು ಸಿಕ್ಕುವುದಿಲ್ಲವೆನ್ನುವುದು ಸರಿಯಲ್ಲ. ಗುರುತು ಸಿಕ್ಕುತ್ತದೆ, ಆದರೆ ಆ ಗುರುತಿಗೆ ಮಣಿಯುವ ಮನಸ್ಸಿನ ಹದ ಬೇರೆಯಾಗಿರುತ್ತದೆ.

ಒಂದು ಸಲಗದ ಮದವನ್ನು ಮತ್ತೊಂದು ಆನೆ ಅರಿಯುವುದು ಮೂಗಿನ ಗ್ರಾಹಕಗಳಿಂದ. ಮನುಷ್ಯನಲ್ಲಿ ಸುಮಾರು 400ರಷ್ಟಿರುವ ಘ್ರಾಣಗ್ರಾಹಕ ಜೀನುಗಳು ಆಫ್ರಿಕದ ಆನೆಯಲ್ಲಿ 2000ಕ್ಕೆ ಸಮೀಪವಿರುವುದು 2014ರಲ್ಲಿ ಲೆಕ್ಕಕ್ಕೆ ಬಂದಿತು. ರಾಸ್‌ಮುಸ್ಸೆನ್ ಎಂಬ ವಿದುಷಿಯು ತಮಿಳುನಾಡಿನ ಅರಣ್ಯ ಇಲಾಖೆಯ ಹಿರಿಯ ಆನೆವೈದ್ಯ ವಿ. ಕೃಷ್ಣಮೂರ್ತಿ ಮೊದಲಾದವರೊಡನೆ 2002ರಲ್ಲಿ ತೋರಿಸಿಕೊಟ್ಟಂತೆ, ಎಳೆಯ ಗಂಡಾನೆಗಳ ಮೊದಲ ಮದಜಲಕ್ಕೆ ಜೇನಿನಂಥ ಕಂಪಿರುತ್ತದೆ. ವಯಸ್ಸಾದಂತೆ ಅದು ದುರ್ಗಂಧವಾಗುತ್ತದೆ. ಹೀಗೆ, ದುಂಬಿಗಳನ್ನು ಕರೆದ ನಮ್ಮ ಕವಿಗಳು ಎಳೆಯ ಆನೆಯನ್ನು ಚೆನ್ನಾಗಿ ನೋಡಿಯೇ ಬರೆದಿದ್ದರೆನ್ನಬೇಕು. ಬಲಿತ ಸಲಗದ ದ್ರವದಲ್ಲಿ ಹೆಚ್ಚುವ ಫ್ರಾಂಟಲಿನ್ ಎಂಬ ವಸ್ತುವನ್ನು ಮೂಸಿ ಕಿರಿಯ ಗಂಡುಗಳು ದೂರ ಸರಿಯುತ್ತವೆ.

ಇನ್ನು ಗ್ರಾಹಕಗಳ ಕಲ್ಪನೆ ಬೆಳೆದ ಕಥೆ. ಇಂಗ್ಲೆಂಡಿನ ಲ್ಯಾಂಗ್ಲೆಯು 1905ರಲ್ಲಿ, ನಿಕೋಟಿನ್ನೂ ಕ್ಯುರಾರೆಯೂ ಸ್ನಾಯುವಿನ ಮೇಲೆ ಒಂದನ್ನೊಂದು ತಡೆಯುವುದನ್ನು ಕಂಡು, ಕೋಶದಲ್ಲಿ ಅವನ್ನು ಬರಮಾಡಿಕೊಳ್ಳುವ ವಸ್ತುವೊಂದಿರಬೇಕೆಂದು ಊಹಿಸಿದನು. 1921ರಲ್ಲಿ ಆಟೋ ಲೋವಿಯು ಒಂದು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಬಡಿತವನ್ನು ನಿಧಾನಗೊಳಿಸಿ, ಅದನ್ನು ತೊಯಿಸಿದ್ದ ದ್ರವವನ್ನು ಮತ್ತೊಂದು ಹೃದಯಕ್ಕೆ ಹನಿಸಿದಾಗ ಅದೂ ನಿಧಾನವಾಯಿತು. ನರವು ರಸದ ಮೂಲಕ ಮಾತಾಡುತ್ತದೆಂಬುದು ಸಿದ್ಧವಾಯಿತು. ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧದ ಬೇರನ್ನು ನಮ್ಮ ವೈದ್ಯರು ಉನ್ಮಾದಕ್ಕೆ ಕೊಡುತ್ತಿದ್ದರು. ಸೇನ್ ಮತ್ತು ಬೋಸ್ ಎಂಬವರು 1931ರಲ್ಲಿ ಅದರ ಗುಣವನ್ನು ವರದಿಮಾಡಿದರು. 1952ರಲ್ಲಿ ಅದರ ಸಾರವಾದ ರೆಸರ್ಪೀನನ್ನು ಬೇರ್ಪಡಿಸಲಾಯಿತು. ಸ್ವೀಡನ್ನಿನ ಕಾರ್ಲ್‌ಸನ್ 1957ರಲ್ಲಿ ರೆಸರ್ಪೀನ್ ಕೊಟ್ಟು ಮೊಲಗಳನ್ನು ಜಡವಾಗಿಸಿ, ಡೋಪಮೀನಿನ ಪೂರ್ವವಸ್ತುವನ್ನು ಚುಚ್ಚಿ ಅವನ್ನು ಮತ್ತೆ ಓಡಾಡುವಂತೆ ಮಾಡಿದನು. ಒಂದು ದ್ರವ್ಯ ಬರಿದಾದರೆ ಚೇಷ್ಟೆಯೇ ನಿಲ್ಲುವುದೆಂದು ಜಗತ್ತು ಅರಿತದ್ದು ಹೀಗೆ. ನಮ್ಮ ಕಾಡಿನ ಬೇರೊಂದು ಅದಕ್ಕೆ ದಾರಿಯಾಯಿತೆಂಬುದನ್ನು ಕನ್ನಡಿಗರು ನೆನೆಯತಕ್ಕದ್ದೇ.

ಗ್ರಾಹಕವೆಂಬ ಬೀಗದ ಸುಳಿವಿಲ್ಲದೆಯೇ ಮದ್ದೆಂಬ ಕೀಲಿಕೈ ದೊರೆಯುವ ಈ ವಿಚಿತ್ರವು ಆನೆಯ ಅರಿವಳಿಕೆಯಲ್ಲಿಯೂ ಮರುಕಳಿಸಿತು. 1960ರಲ್ಲಿ ಬೆಂಟ್ಲಿಯ ತಂಡ ತಯಾರಿಸಿದ ಎಟಾರ್ಫಿನ್ ಮಾರ್ಫಿನಿಗಿಂತ ಸಾವಿರಾರು ಪಟ್ಟು ಪ್ರಬಲ. ಕೆಲವೇ ಮಿಲಿಗ್ರಾಮು ಟನ್ನುಗಟ್ಟಲೆ ತೂಕದ ಸಲಗವನ್ನು ಹತ್ತಾರು ನಿಮಿಷಗಳಲ್ಲಿ ನಿಲ್ಲಿಸಿಬಿಡುತ್ತದೆ, ಅದನ್ನು ಬಳಸುವವನ ಚರ್ಮದ ಗಾಯಕ್ಕೆ ತಗಲಿದರೆ ಅವನ ಪ್ರಾಣಕ್ಕೂ ಅಪಾಯ. ಅದು ಹೋಗಿ ಕೂಡುವ ಅಫೀಮು ಗ್ರಾಹಕವು ಪತ್ತೆಯಾದದ್ದು 1973ರಲ್ಲಿ, ಮೂರು ಪ್ರಯೋಗಶಾಲೆಗಳಲ್ಲಿ ಸರಿಸುಮಾರು ಒಟ್ಟಿಗೆ. ಅವುಗಳಲ್ಲಿ ಎರಿಕ್ ಸೈಮನ್ನನ ಪ್ರಯೋಗಶಾಲೆಯು ಆ ಗ್ರಾಹಕವನ್ನು ಗುರುತಿಸಲು ಬಳಸಿದ್ದು ವಿಕಿರಣಯುಕ್ತವಾಗಿ ಮಾಡಿದ ಇದೇ ಎಟಾರ್ಫಿನನ್ನು. ಮಿದುಳಿನಲ್ಲಿ ಅಫೀಮಿಗೆ ಬೀಗವೇಕೆ ಎಂಬ ಪ್ರಶ್ನೆಗೆ 1975ರಲ್ಲಿ ಹ್ಯೂಸ್ ಮತ್ತು ಕಾಸ್ಟರ್ಲಿಟ್ಜ್ ಉತ್ತರವಿತ್ತರು. ದೇಹವೇ ತಯಾರಿಸುವ ಎಂಕೆಫಲಿನ್‌ಗಳು ಅದರ ಸಹಜವಾದ ಕೀಲಿಕೈಗಳು. ಹಾಗೆಯೇ 1962ರಲ್ಲಿ ತಯಾರಾದ ಕೆಟಮಿನ್ ಎಂಬ ಅರಿವಳಿಕೆ ಮದ್ದಿನ ಗ್ರಾಹಕ ತಿಳಿದದ್ದು 1983ರಲ್ಲಿ.

ಕರ್ನಾಟಕದಲ್ಲಿ ಆನೆಯ ಅರಿವಳಿಕೆಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಕ್ಸೈಲಜಿನ್, ಒಂಟಿಯಾಗಿ ಅಥವಾ ಕೆಟಮಿನ್ನಿನೊಡನೆ. ಇದರ ನಡೆ ಬಹು ಕುಶಲವಾದುದು. ಎಚ್ಚರವನ್ನು ಕಾಯುವ ನರಕೋಶಗಳು ನಾರ್ ಅಡ್ರಿನಲಿನ್ನನ್ನು ಸುರಿಸುತ್ತ, ಸುರಿದದ್ದು ಸಾಕೋ ಬೇಕೋ ಎಂದು ತಿಳಿಯಲು ತಮ್ಮ ಮೈಯಲ್ಲೇ ಆಲ್ಫಾ-2 ಎಂಬ ಗ್ರಾಹಕಗಳನ್ನು ಇಟ್ಟುಕೊಂಡಿರುತ್ತವೆ. ಕ್ಸೈಲಜಿನ್ ಅಲ್ಲಿ ಹೋಗಿ ಕುಳಿತು, ಸುರಿದದ್ದು ಧಾರಾಳವಾಯಿತೆಂಬ ಹುಸಿ ಸುದ್ದಿಯನ್ನು ಕೊಡುತ್ತದೆ. ಕೋಶಗಳು ಕೈಕಟ್ಟಿ ಕೂರುತ್ತವೆ.

ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಡಾರ್ಟು ಪೃಷ್ಠಕ್ಕೆ ನಾಟಿದೊಡನೆ ಸಲಗ ಓಡುತ್ತದೆ. ಮದ್ದು ರಕ್ತದಲ್ಲಿ ಬೆರೆತು ಮಿದುಳನ್ನು ಮುಟ್ಟುವವರೆಗಿನ ಆ ಹತ್ತಿಪ್ಪತ್ತು ನಿಮಿಷಗಳೇ ಅತ್ಯಂತ ಅಪಾಯಕರವಾದವು, ಏಕೆಂದರೆ ಅದು ಕೆರೆಗೆ ಇಳಿಯಬಹುದು, ಕಂದಕಕ್ಕೆ ಉರುಳಬಹುದು, ತಿರುಗಿ ಬೀಳಬಹುದು. ಅನಂತರ ಬೀಸುತ್ತಿದ್ದ ಕಿವಿ ನಿಲ್ಲುತ್ತದೆ, ಸೊಂಡಿಲು ಜೋತುಬಿದ್ದು ತುದಿ ನೆಲಕ್ಕೆ ತಾಗುತ್ತದೆ, ಗೊರಕೆ ಕೇಳಿಬರುತ್ತದೆ. ಆಗ ಎಲ್ಲರೂ ಪಿಸುಮಾತಿಗೆ ಇಳಿಯುತ್ತಾರೆ. ಕ್ಸೈಲಜಿನ್ನಿನ ಮಂಪರು ಜೋರು ದನಿಗೆ ತಟಕ್ಕನೆ ಹರಿದುಬಿಡುವುದುಂಟು. ಕಣ್ಣಿಗೆ ಬಟ್ಟೆ ಕಟ್ಟಿ, ಮೈಗೂ ಕಿವಿಗೂ ನೀರು ಸುರಿದು, ಕಾಲಿಗೆ ಹಗ್ಗ ಬಿಗಿಯುತ್ತಾರೆ. ಎದೆಯ ಮೇಲೆ ಕುಸಿದರೆ ಆನೆಗೆ ಉಸಿರಾಟ ಕಷ್ಟ. ಅದರ ಶ್ವಾಸಕೋಶ ಎದೆಗೂಡಿನ ಗೋಡೆಗೆ ಅಂಟಿಕೊಂಡಿರುವುದರಿಂದ, ನಿಂತಂತೆಯೇ ಮಂಪರು ಹಿಡಿಸುವ ಈ ಮದ್ದು ಮೇಲೆನಿಸಿದೆ. ಕುಮ್ಕಿಗಳೆಂಬ ಪಳಗಿದ ಆನೆಗಳು ಎರಡು ಪಕ್ಕದಲ್ಲಿ ಒತ್ತರಿಸಿ ನಿಂತ ಮೇಲೆ ವೈದ್ಯರು ಕಿವಿಯ ರಕ್ತನಾಳಕ್ಕೆ ಯೊಹಿಂಬಿನ್ ಎಂಬ ಪ್ರತ್ಯೌಷಧವನ್ನು ಚುಚ್ಚುತ್ತಾರೆ. ಅದು ಅದೇ ಗ್ರಾಹಕವನ್ನು ಮುಚ್ಚಿ ಕ್ಸೈಲಜಿನ್ನನ್ನು ಹೊರಗಟ್ಟುವುದರಿಂದ ಕೆಲವೇ ನಿಮಿಷಗಳಲ್ಲಿ ಕಿವಿ ಮತ್ತೆ ಬೀಸುತ್ತದೆ. ಮದವೇರಲು ದಿನಗಳು, ಮಂಪರು ಇಳಿಯಲು ನಿಮಿಷಗಳು: ಕೋಶದೊಳಗಿನ ಗ್ರಾಹಕಕ್ಕೂ ಹೊರಮೈಯ ಗ್ರಾಹಕಕ್ಕೂ ಇರುವ ಅಂತರವೆಲ್ಲ ಇಲ್ಲಿ ಕಾಣುತ್ತದೆ.

2014ರಲ್ಲಿ ಹಾಸನ ಜಿಲ್ಲೆಯ ಆಲೂರು ಭಾಗದಲ್ಲಿ ನಡೆದ ದೊಡ್ಡ ಕಾರ್ಯಾಚರಣೆಯಲ್ಲಿ 20ಕ್ಕೂ ಹೆಚ್ಚು ಕಾಡಾನೆಗಳನ್ನು ಹೀಗೆ ಹಿಡಿಯಲಾಯಿತು. ಸಕ್ರೆಬೈಲಿನ ಕುಮ್ಕಿಗಳೂ ಮಲೆನಾಡಿನ ಇಂಥ ಕೆಲಸಗಳಿಗೆ ಹೋಗುತ್ತಿರುತ್ತವೆ. ಕುಮ್ಕಿಗಳಿಗೆ ಮಾತ್ರ ಯಾವ ಮದ್ದಿನ ರಕ್ಷೆಯೂ ಇಲ್ಲ. ಎಂಟು ಬಾರಿ ದಸರಾ ಅಂಬಾರಿಯನ್ನು ಹೊತ್ತ ಆನೆ ಅರ್ಜುನನು 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರಿನಲ್ಲಿ, ಮದವೇರಿದ ಕಾಡುಸಲಗದೊಡನೆ ಸೆಣಸಿ ಪ್ರಾಣಬಿಟ್ಟನು. ಅರವತ್ತು ದಾಟಿದ್ದ ಆ ಆನೆಯನ್ನು ಅಂಥ ಕೆಲಸಕ್ಕೆ ಒಯ್ದದ್ದು ತಪ್ಪೆಂದು ನಾಡಿನ ಜನ ಮರುಗಿದ್ದು ಸಹಜವಾಗಿಯೇ ಇದ್ದಿತು.

ಚುಚ್ಚದೆ, ಕಟ್ಟದೆ ಆನೆಯ ಒಡಲನ್ನು ಓದುವ ಮಾರ್ಗವೂ ಈಗ ತೆರೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರತ್ನಾ ಘೋಷಾಲ್, ಶೇಷಗಿರಿ, ರಾಮನ್ ಸುಕುಮಾರ್ ಮೊದಲಾದವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವತಂತ್ರವಾಗಿ ಅಲೆಯುವ ಕಾಡಾನೆಗಳ ಲದ್ದಿಯಲ್ಲಿನ ಹಾರ್ಮೋನುಗಳ ಶೇಷವನ್ನು ಅಳೆದು ಮದವನ್ನು ಗುರುತಿಸಿದರು. ಕಾಡಿನ ಹಾದಿಯಲ್ಲಿ ಬಿದ್ದ ಹಸಿ ಲದ್ದಿಯನ್ನು ಕೋಲಿನಿಂದ ಒಡೆದು, ಹಿಂಡು ಎಷ್ಟು ಹೊತ್ತಿಗೆ ಹೋಯಿತು, ಏನು ತಿಂದಿತ್ತು ಎಂದು ಹೇಳುವುದು ಕಾವಾಡಿಗಳ ಹಳೆಯ ಕಲೆ. ಸಂಶೋಧಕರು ಅದೇ ಲದ್ದಿಯನ್ನು ಸೀಸೆಗೆ ತುಂಬಿ ತಣ್ಣಗಿರಿಸಿ ಪ್ರಯೋಗಶಾಲೆಗೆ ಒಯ್ಯುತ್ತಾರೆ.